ಅಮ್ಮಂದಿರಿಗೆ ಒಂದು ಮಾತು

ತೀರ್ಥಹಳ್ಳಿ, ಹೊಸನಗರದಿಂದ ಬೆಳಗಿನ ಬಸ್ಸು ಹಿಡಿದು ಮಕ್ಕಳನ್ನು ಶಿವಮೊಗ್ಗಕ್ಕೆ ಕಿಡ್ನಿ ಚಿಕಿತ್ಸೆಗೆ ಕರೆತರುವ ಅಮ್ಮಂದಿರೇ, ಇದು ನಿಮಗೆ.

ಮಗು ತಟ್ಟೆ ತಳ್ಳಿದರೆ, ತಂಗಿಗೆ ಹೊಡೆದರೆ ಅದು ಬರೀ ಹಠ ಅಲ್ಲ. ಈ ಕಾಯಿಲೆಯಲ್ಲಿ ರಕ್ತ ಕಡಿಮೆಯಾಗಿ ಸುಸ್ತಾಗುತ್ತದೆ, ನಿದ್ದೆ ಕೆಡುತ್ತದೆ. ಸ್ಟಿರಾಯ್ಡ್ ಮಾತ್ರೆ ಇದ್ದರಂತೂ ಸಿಟ್ಟು, ಹಸಿವು ಎರಡೂ ಜಾಸ್ತಿ. ಹಾಗಂತ ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಎಲ್ಲರೂ ಅಪ್ಪೆಮಿಡಿ ಉಪ್ಪಿನಕಾಯಿ ನೆಂಚಿಕೊಳ್ಳುವಾಗ, ಉಪ್ಪು ಕಡಿಮೆ ತಿನ್ನಬೇಕು ಅಂತ ತನಗೊಬ್ಬನಿಗೇ ಇಲ್ಲ ಅಂದರೆ ಮಗುವಿಗೆ ಬೇಜಾರಾಗಲ್ವಾ? ನಮ್ಮನೆಯಲ್ಲಿ ಮಗನ ಊಟ ಮುಗಿಯುವ ತನಕ ಉಪ್ಪಿನಕಾಯಿ ಭರಣಿ ಕೆಳಗಿಳಿಸುವುದಿಲ್ಲ.

ನಿಮ್ಮ ಅಳುವನ್ನೂ ನುಂಗಿಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಲ್ಲಾ, ಇಲ್ಲೇ ಗುಂಪಿನಲ್ಲಿ ಬರೆಯಿರಿ, ರಾತ್ರಿಯಾದರೂ ಸರಿ.