ಗೆದ್ದವರಿಗೆ ಬೂ ಅನ್ನೋದು ಪಾಸ್‌ಪೋರ್ಟ್ ನೋಡ್ಕೊಂಡಲ್ಲ

ಮಾನ್ಯ ಸಂಪಾದಕರೇ,

ನಮ್ಮ ಮಗಳು ಎಂಟನೇ ಕ್ಲಾಸು. ಬ್ಯಾಡ್ಮಿಂಟನ್ ಕೋಚಿಂಗ್‌ಗೆ ಸೇರ್ಕೊಂಡ ಮೇಲೆ ನನ್ನ ಮೊಬೈಲ್ ಕೈಗೆ ಸಿಕ್ಕಿದ್ರೆ ಸಾಕು, ಬ್ಯಾಡ್ಮಿಂಟನ್ನೋ ಟೆನ್ನಿಸ್ಸೋ ಯಾವ್ದೋ ಒಂದು ಹಳೇ ಫೈನಲ್ ಹಾಕ್ಕೊಂಡು ಕೂತಿರ್ತಾಳೆ. ಹೋದ ಭಾನುವಾರ ನಾನು ನಿಮ್ಮ ಪೇಪರ್ ಓದ್ತಾ ಇದ್ರೆ ಮೊಬೈಲ್ ತಂದು ಮುಖಕ್ಕೆ ಹಿಡಿದು "ಅಪ್ಪಾ, ಗೆದ್ದಿರೋದು ಇವಳೇ ತಾನೇ, ಮತ್ಯಾಕೆ ಅಳ್ತಿದಾಳೆ, ಸೋತವಳು ಸಮಾಧಾನ ಮಾಡ್ತಿದಾಳಲ್ಲ" ಅಂದ್ಲು. ನೋಡಿದ್ರೆ 2018ರ ಯುಎಸ್ ಓಪನ್ ಟೆನ್ನಿಸ್ ಫೈನಲ್ಲು. ನವೋಮಿ ಒಸಾಕಾ, ಆಗಿನ್ನೂ 20 ವರ್ಷದ ಹುಡುಗಿ, ಸೆರೆನಾ ವಿಲಿಯಮ್ಸ್‌ನ 6-2, 6-4ರಲ್ಲಿ ಸೋಲಿಸಿ ಬಹುಮಾನ ತಗೊಳ್ಳೋಕೆ ನಿಂತಿದಾಳೆ, ಸುತ್ತ ಇಡೀ ಸ್ಟೇಡಿಯಂ ಬೂ... ಅಂತ ಊಳಿಡ್ತಾ ಇದೆ. ಪಾಪ ಹುಡುಗಿ ಟೋಪಿ ಮುಂದಕ್ಕೆ ಎಳ್ಕೊಂಡು ಮುಖ ಮುಚ್ಕೊಳ್ತಾಳೆ. ಆಮೇಲೆ ಮೈಕ್ ಕೊಟ್ರೆ, ಎಲ್ಲರೂ ಸೆರೆನಾ ಗೆಲ್ಲಲಿ ಅಂತಿದ್ರಿ ಗೊತ್ತು, ಹೀಗೆ ಮುಗೀಬೇಕಾಗಿ ಬಂತು ಸಾರಿ ಅಂತಾಳೆ. ಗ್ರ್ಯಾಂಡ್‌ಸ್ಲಾಮ್ ಗೆದ್ದವಳು ಗೆದ್ದಿದ್ದಕ್ಕೆ ಸಾರಿ ಕೇಳೋದು ಅಂದ್ರೆ!

ಆವತ್ತು ಬೂ ಅಂದವರಲ್ಲಿ ಬಹಳ ಜನಕ್ಕೆ ಸಿಟ್ಟಿದ್ದದ್ದು ಅಂಪೈರ್ ಕಾರ್ಲೋಸ್ ರಾಮೋಸ್ ಮೇಲೆ, ಅದು ನನಗೂ ಗೊತ್ತು. ಆಟದ ಮಧ್ಯೆ ಕೋಚಿಂಗ್ ತಗೊಂಡ್ಲು ಅಂತ ಒಂದು ವಾರ್ನಿಂಗು, ರಾಕೆಟ್ ಮುರಿದಿದ್ದಕ್ಕೆ ಒಂದು ಪಾಯಿಂಟು, ಕಳ್ಳ ಅಂದಿದ್ದಕ್ಕೆ ಒಂದು ಇಡೀ ಗೇಮು ಸೆರೆನಾ ಕೈಯಿಂದ ಹೋಗಿತ್ತು. ಆದ್ರೆ ಸಾವಿರಾರು ಜನ ಒಟ್ಟಿಗೆ ಊಳಿಟ್ಟಾಗ ಅದು ಯಾರಿಗೆ ಅಂತ ಅಡ್ರೆಸ್ ಬರೆದು ಕಳಿಸೋಕಾಗಲ್ಲ, ಮಧ್ಯದಲ್ಲಿ ಯಾರು ನಿಂತಿದಾರೋ ಅವರಿಗೇ ಬಂದು ಬಡಿಯೋದು. ಕೊನೆಗೆ ಸೆರೆನಾನೇ ಸಾಕು ಬೂ ಅನ್ನಬೇಡಿ ಅಂತ ಕೇಳ್ಕೋಬೇಕಾಯ್ತು.

ಮಗಳ ಎರಡನೇ ಪ್ರಶ್ನೆಗೇ ನಾನು ಈ ಪತ್ರ ಬರೀತಿರೋದು. "ಅವಳು ಜಪಾನಿನವಳು ಅಂತಾನಾ?"

ಹೌದು ಅಂದ್ಬಿಟ್ರೆ ಸುಲಭ. ಆದ್ರೆ ಒಸಾಕಾ ಮೂರು ವರ್ಷದ ಮಗು ಇದ್ದಾಗಿಂದ ಅಮೆರಿಕಾದಲ್ಲೇ ಬೆಳೆದವಳು, ಅದೂ ಆ ನ್ಯೂಯಾರ್ಕ್ ಕಡೆಗೇ ಬಂದು. ಹೋಗಲಿ ಅದನ್ನ ಬಿಡಿ, ಇದೇ ಸೆರೆನಾ ಕಥೆ ಕೇಳಿ. 2001ರಲ್ಲಿ ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್ ಟೂರ್ನಿ ಫೈನಲ್ಲು, 19 ವರ್ಷದ ಸೆರೆನಾ ಒಂದು ಕಡೆ, ಬೆಲ್ಜಿಯಂನ ಕಿಮ್ ಕ್ಲೈಸ್ಟರ್ಸ್ ಇನ್ನೊಂದು ಕಡೆ. ಅಮೆರಿಕಾದ ಜನ ಅಮೆರಿಕಾದ ಹುಡುಗಿಗೆ ಮೊದಲನೇ ಪಾಯಿಂಟಿಂದ ಕೊನೇವರೆಗೂ ಬೂ ಅಂದ್ರು, ಅವಳು ಸರ್ವ್ ತಪ್ಪಿದ್ರೆ ಚಪ್ಪಾಳೆ ಹೊಡೆದ್ರು, ಬೆಲ್ಜಿಯಂನವಳಿಗೆ ಜೈ ಅಂದ್ರು. ಕಾರಣ ಏನಪ್ಪಾ ಅಂದ್ರೆ ಸೆಮಿಫೈನಲ್‌ನಲ್ಲಿ ಸೆರೆನಾ ಎದುರೇ ಆಡಬೇಕಿದ್ದ ಅಕ್ಕ ವೀನಸ್ಸು ಮಂಡಿ ನೋವು ಅಂತ ಆಟ ಶುರುವಾಗೋಕೆ ಸ್ವಲ್ಪ ಮುಂಚೆ ಹಿಂದೆ ಸರಿದಿದ್ಲು, ಜನಕ್ಕೆ ಅಪ್ಪ ರಿಚರ್ಡೇ ಮಕ್ಕಳಲ್ಲಿ ಯಾರು ಗೆಲ್ಬೇಕು ಅಂತ ಫಿಕ್ಸ್ ಮಾಡ್ತಾನೆ ಅಂತ ಡೌಟು. ಆ ಅಪ್ಪ ನಮ್ಮ ಬಣ್ಣ ಹಿಡಿದು ಬೈದ್ರು ಅಂತಾನೂ ಹೇಳಿದ. ಸೆರೆನಾ ಮೊದಲ ಸೆಟ್ ಸೋತು ಆಮೇಲೆ ಎರಡೂ ಸೆಟ್ ಹೊಡ್ಕೊಂಡು ಗೆದ್ಲು, ಗೆದ್ದ ಮೇಲೂ ಬೂ ನಿಲ್ಲಲಿಲ್ಲ. ಆ ಟೂರ್ನಿ ಕಡೆ ಅವಳು ಮತ್ತೆ ತಲೆ ಹಾಕಿದ್ದು 2015ರಲ್ಲಿ, ಹದಿನಾಲ್ಕು ವರ್ಷ ಆದ ಮೇಲೆ. ಇದರಲ್ಲಿ ದೇಶ ಎಲ್ಲಿ ಬಂತು ಹೇಳಿ?

ನನಗನ್ಸೋದು ಏನಂದ್ರೆ, ಜನ ಗ್ರೌಂಡಿಗೆ ಬರೋವಾಗಲೇ ಒಂದು ಕಥೆ ಕಟ್ಕೊಂಡು ಬಂದಿರ್ತಾರೆ, ಹೀರೋ ಯಾರು ಅಂತ ಮನೆಯಲ್ಲೇ ಡಿಸೈಡ್ ಆಗಿರುತ್ತೆ. ಆ ಕಥೆ ಕೆಡಿಸಿದವನು ಯಾವ ದೇಶದವನಾದ್ರೂ ಬೂ ತಿಂತಾನೆ. 2017ರಲ್ಲಿ ಲಂಡನ್ನಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಆಯ್ತಲ್ಲ, ಉಸೇನ್ ಬೋಲ್ಟ್‌ದು ಕೊನೇ 100 ಮೀಟರ್ ರೇಸು, ಬೋಲ್ಟೇ ಗೆದ್ದು ಹೋಗ್ಬೇಕು ಅಂತ ಊರಿಗೆ ಊರೇ ಕಾಯ್ತಿತ್ತು. ಜಸ್ಟಿನ್ ಗ್ಯಾಟ್ಲಿನ್ 9.92 ಸೆಕೆಂಡಲ್ಲಿ ಓಡಿ ಗೆದ್ದ, ಬೋಲ್ಟ್ ಮೂರನೇಯವನಾದ. ಬೋಲ್ಟ್ ಜಮೈಕಾದವನು, ಗ್ಯಾಟ್ಲಿನ್ ಅಮೆರಿಕಾದವನು, ಬೂ ಅಂದವರು ಇಂಗ್ಲೆಂಡಿನವರು! ಗ್ಯಾಟ್ಲಿನ್ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು ನಾಲ್ಕು ವರ್ಷ ಬ್ಯಾನ್ ಆಗಿದ್ದವನು, ಹಾಗಾಗಿ ಕೂಗಿದ್ದು ಸರಿ ಅಂತ ನೀವು ಹೇಳಬಹುದು, ನಾನೂ ಪೂರ್ತಿ ತಪ್ಪು ಅನ್ನಲ್ಲ. ಆದ್ರೆ ಅದೇ ರೇಸಲ್ಲಿ ನಾಲ್ಕನೇಯವನಾಗಿ ಬಂದ ಯೋಹಾನ್ ಬ್ಲೇಕ್ ಕೂಡ 2009ರಲ್ಲಿ ಮೂರು ತಿಂಗಳು ಬ್ಯಾನ್ ಆಗಿದ್ದವನೇ, ಅವನಿಗೆ ಹಾಗೆ ಯಾರೂ ಮುಗಿಬೀಳಲಿಲ್ಲ. ಅವನು ಬೋಲ್ಟ್‌ನ ಕಥೆ ಕೆಡಿಸಿರಲಿಲ್ಲವಲ್ಲ. ಗೆದ್ದ ಗ್ಯಾಟ್ಲಿನ್ ತುಟಿ ಮೇಲೆ ಬೆರಳಿಟ್ಟು ಶ್ ಅಂದು, ಆಮೇಲೆ ಹೋಗಿ ಬೋಲ್ಟ್ ಮುಂದೆ ಮಂಡಿಯೂರಿದ.

ದೇಶ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳ್ತಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಪೋಲ್ ವಾಲ್ಟ್, ಅಂದ್ರೆ ಓಡಿ ಬಂದು ಕೋಲು ಊರಿ ಎತ್ತರ ಹಾರೋ ಆಟ, ನಡೀವಾಗ ರಷ್ಯಾದವನಾದ ವೋಲ್ಕೊವ್ ಗೆಲ್ಲಲಿ ಅಂತ ಬೇರೆಯವರು ಓಡೋಕೆ ಶುರು ಮಾಡಿದ ಕೂಡಲೇ ಜನ ಶಿಳ್ಳೆ ಹೊಡೆಯೋರು. ಪೋಲೆಂಡಿನ ಕೊಜಾಕೆವಿಚ್ ಅನ್ನೋನು 5.78 ಮೀಟರ್ ಹಾರಿ ವಿಶ್ವದಾಖಲೆ ಮಾಡಿ, ಅದೇ ಜನಕ್ಕೆ ಕೈ ಮಡಚಿ ತೋಳು ತೋರಿಸಿಬಿಟ್ಟ, ಅದರ ಅರ್ಥ ಪೇಪರಲ್ಲಿ ಬರೆಯೋ ಹಾಗಿಲ್ಲ. 2016ರಲ್ಲಿ ರಿಯೋದಲ್ಲೂ ಅದೇ ಪೋಲ್ ವಾಲ್ಟು, ಬ್ರೆಜಿಲ್ ಹುಡುಗನ ಎದುರು ಆಡಿದ ಫ್ರಾನ್ಸಿನ ಲಾವಿಲೆನಿಗೆ ಪದಕ ಕೊಡೋವಾಗಲೂ ಬೂ ಅಂದು ಅಳಿಸಿದ್ರು, ಪಾಪ ಅವನಿಗೆ ಸಿಕ್ಕಿದ್ದೇ ಬೆಳ್ಳಿ. ನಮ್ಮಲ್ಲೂ 2023ರಲ್ಲಿ ಅಹಮದಾಬಾದಿನಲ್ಲಿ ಪಾಕಿಸ್ತಾನದ ಬಾಬರ್ ಆಜಂ ಟಾಸಿಗೆ ಬಂದಾಗ ಏನಾಯ್ತು ಅಂತ ಟಿವಿಯಲ್ಲಿ ಎಲ್ಲರೂ ನೋಡಿದೀವಿ. ಹಾಗಂತ ಪಾಕಿಸ್ತಾನ ಅಂದ ತಕ್ಷಣ ನಾವೆಲ್ಲ ಹೀಗೇನಾ ಅಂದ್ರೆ ಅದೂ ಅಲ್ಲ, 1999ರ ಜನವರಿ 31ಕ್ಕೆ ಚೆನ್ನೈಯಲ್ಲಿ ಸಚಿನ್ 136 ಹೊಡೆದೂ ನಾವು 12 ರನ್ನಿಂದ ಸೋತಾಗ ಚೆಪಾಕ್ ಜನ ಎದ್ದು ನಿಂತು ಪಾಕಿಸ್ತಾನದವರಿಗೆ ಚಪ್ಪಾಳೆ ತಟ್ಟಿದ್ರು. ಮುಂದಿನ ತಿಂಗಳೇ ಕಲ್ಕತ್ತಾದಲ್ಲಿ ಗಲಾಟೆಯಾಗಿ ಪೊಲೀಸರು ಸ್ಟ್ಯಾಂಡ್ ಖಾಲಿ ಮಾಡಿಸಿ ಮ್ಯಾಚ್ ಮುಗಿಸಬೇಕಾಯ್ತು. ಅದೇ ದೇಶ, ಅದೇ ಎದುರಾಳಿ.

ನಮ್ಮವರೇ ನಮ್ಮವರಿಗೆ ಅನ್ನೋ ಬೂ ಇದೆಯಲ್ಲ, ಅದು ಇನ್ನೂ ಮಜ. 2005ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ನಮ್ಮ ದ್ರಾವಿಡ್ ಕ್ಯಾಪ್ಟನ್, ಗಂಗೂಲಿ ಟೀಮಲ್ಲಿಲ್ಲ, ಅಷ್ಟಕ್ಕೇ ಕಲ್ಕತ್ತಾ ಜನ ಇಂಡಿಯಾ ಟೀಮಿಗೆ ಬೂ ಅಂದು ಸೌತ್ ಆಫ್ರಿಕಾಗೆ ಜೈ ಅಂದ್ರು. ಬೈಸಿಕೊಳ್ಳೋಕೆ ದ್ರಾವಿಡ್ ಅಂಥ ಮನುಷ್ಯನೇ ಸಿಕ್ಕಿದ್ನಾ ಅಂತ ಆವತ್ತು ನಮ್ಮಪ್ಪ ಟಿವಿ ಆಫ್ ಮಾಡಿದ್ದು ನೆನಪಿದೆ. ಹಾರ್ದಿಕ್ ಪಾಂಡ್ಯ ವಿಷಯ ಅಂತೂ ಕೇಳಲೇಬೇಡಿ. ರೋಹಿತ್ ಜಾಗದಲ್ಲಿ ಮುಂಬೈ ಕ್ಯಾಪ್ಟನ್ ಆದ ಅನ್ನೋ ಒಂದೇ ತಪ್ಪಿಗೆ 2024ರ ಏಪ್ರಿಲ್ 1ಕ್ಕೆ ವಾಂಖೆಡೆಯಲ್ಲಿ ಅವನದೇ ಟೀಮಿನ ಜನ ಟಾಸ್ ಹಾಕೋವಾಗ ಊಳಿಟ್ಟಿದ್ದು ನೋಡಿ ಮೈಕ್ ಹಿಡಿದಿದ್ದ ಮಾಂಜ್ರೇಕರ್ರೇ ಸ್ವಲ್ಪ ಸರಿಯಾಗಿ ನಡ್ಕೊಳ್ರಪ್ಪಾ ಅನ್ನೋ ಹಾಗಾಯ್ತು. ಜೂನ್ 29ಕ್ಕೆ ವರ್ಲ್ಡ್ ಕಪ್ ಫೈನಲ್ಲಿನ ಕೊನೇ ಓವರ್ ಅವನೇ ಹಾಕಿದ, ಏಳು ರನ್ನಲ್ಲಿ ಗೆದ್ವಿ. ಜುಲೈ 4ಕ್ಕೆ ಅದೇ ವಾಂಖೆಡೆ, ಹಾರ್ದಿಕ್ ಹಾರ್ದಿಕ್ ಅಂತ ಕೂಗೇ ಕೂಗು. ಮೂರು ತಿಂಗಳು ಮೂರು ದಿನದಲ್ಲಿ ಮನುಷ್ಯ ಬದಲಾಗಿದ್ನಾ? ಫಾರ್ಮುಲಾ ಒನ್ ನೋಡೋ ನಮ್ಮ ಭಾವಮೈದ ಹೇಳ್ತಾನೆ, ಇಟಲಿಯ ಮೋಂಝಾದಲ್ಲಿ ಜರ್ಮನಿಯ ವೆಟ್ಟೆಲ್ 2008ರಲ್ಲಿ ಇಟಲಿಯದೇ ಚಿಕ್ಕ ಟೀಮಿನ ಕಾರಲ್ಲಿ ಗೆದ್ದಾಗ ಮುದ್ದು ಮಾಡಿದ್ರಂತೆ, 2013ರಲ್ಲಿ ರೆಡ್ ಬುಲ್ ಕಾರಲ್ಲಿ ಇಟಲಿಯವರ ಅಚ್ಚುಮೆಚ್ಚಿನ ಟೀಮು ಫೆರಾರಿಯನ್ನ ಹಿಂದೆ ಹಾಕಿ ಗೆದ್ದಾಗ ಬೂ ಅಂದ್ರಂತೆ, 2015ರಲ್ಲಿ ಅವನೇ ಫೆರಾರಿ ಹತ್ತಿ ಬಂದಾಗ ಮತ್ತೆ ನಮ್ಮಪ್ಪಾ ನಮ್ಮಯ್ಯಾ ಅಂದ್ರಂತೆ. ಪಾಸ್‌ಪೋರ್ಟ್ ಮೂರು ಸಲವೂ ಜರ್ಮನಿದೇ, ಬದಲಾಗಿದ್ದು ಶರ್ಟಿನ ಬಣ್ಣ ಅಷ್ಟೇ.

ನಾವು ಬೆಂಗಳೂರಿನವರು ಕಮ್ಮಿ ಅಂತ ಅನ್ಕೋಬೇಡಿ. 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಡೆಲ್ಲಿ ಪರ ಔಟಾಗದೆ 93 ಹೊಡೆದು ಆರ್‌ಸಿಬಿನ ಚಿನ್ನಸ್ವಾಮಿಯಲ್ಲೇ ಸೋಲಿಸಿ, ಬ್ಯಾಟಲ್ಲಿ ನೆಲಕ್ಕೆ ಗೆರೆ ಹಾಕಿ ಇದು ನನ್ನ ಗ್ರೌಂಡು ಅಂದಾಗ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಅರ್ಧ ಜನ ನಮ್ಮ ಕನ್ನಡದ ಹುಡುಗ ಅಂತ ಹಾರ್ಟ್ ಹಾಕಿದ್ರೆ ಇನ್ನರ್ಧ ಜನ ಹಾಕಿದ ಮೆಸೇಜು ನಾನಿಲ್ಲಿ ಬರೆಯಲ್ಲ.

ದುಡ್ಡು ಕೊಟ್ಟು ಬಂದಿದೀವಿ, ಕೂಗೋದು ನಮ್ಮ ಹಕ್ಕು ಅಂತಾರೆ. ನನಗಂತೂ ದುಡ್ಡು ಕೊಡದೇನೂ ಕೂಗಿ ಅಭ್ಯಾಸ ಇದೆ. ಇಪ್ಪತ್ತು ವರ್ಷದ ಹಿಂದೆ ನಮ್ಮೂರಲ್ಲಿ ಗಣೇಶೋತ್ಸವಕ್ಕೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ, ಎಂಟ್ರಿ ಫ್ರೀ. ನಮ್ಮ ಬೀದಿ ಹುಡುಗನೇ ಒಬ್ಬ, ಭಾರೀ ಸ್ಮ್ಯಾಶರ್ರು, ಆ ವರ್ಷ ನಮ್ಮೂರ ಟೀಮು ಬಿಟ್ಟು ಪಕ್ಕದೂರಿನವರಿಗೆ ಆಡಿದ, ಬಸ್ ಚಾರ್ಜು ಶೂಸು ಕೊಡಿಸ್ತೀವಿ ಅಂದಿದ್ರಂತೆ. ಅವನು ಸರ್ವಿಸ್‌ಗೆ ಬಾಲ್ ಎತ್ತಿದ್ರೆ ಸಾಕು ನಾವೊಂದಿಪ್ಪತ್ತು ಜನ ಹೋ... ಅಂತ ಶುರು ಮಾಡೋದು, ಶೂಸ್ ತೋರ್ಸೋ ಶೂಸ್ ತೋರ್ಸೋ ಅಂತ ಕಿರುಚೋದು. ಫೈನಲ್ಲು ಅವನೇ ಗೆಲ್ಲಿಸಿದ. ಕಪ್ ಎತ್ತೋವಾಗಲೂ ಬಿಡಲಿಲ್ಲ ನಾವು, ಅವನಮ್ಮ ಹೆಂಗಸರ ಸಾಲಲ್ಲಿ ಕೂತಿದ್ದವರು ಎದ್ದು ಸೆರಗು ತಲೆ ಮೇಲೆ ಹಾಕ್ಕೊಂಡು ಮನೆಗೆ ಹೋದ್ರು.

ಈಗ ಅವನು ಟೈಲ್ಸ್ ಕೆಲಸ ಮಾಡಿಸ್ತಾನೆ, ಹೋದ ವರ್ಷ ನಮ್ಮ ಬಾತ್‌ರೂಮಿಗೂ ಅವನೇ ಹಾಕಿದ್ದು. ಮಗಳ ಪ್ರಶ್ನೆ ತಲೆಯಲ್ಲಿ ಕೊರೀತಾ ಇತ್ತಲ್ಲ, ಮೊನ್ನೆ ಹೋಟೆಲ್ ಹತ್ರ ಸಿಕ್ದಾಗ ಕಾಫಿ ಕುಡೀತಾ ಕೇಳಿದೆ, ಲೋ ಆವತ್ತಿನ ಫೈನಲ್ಲು ನೆನಪಿದ್ಯಾ, ಸಿಕ್ಕಾಪಟ್ಟೆ ಜನ ಕೂಗಿದ್ರಲ್ಲ ಅಂತ. ನಾನಿದ್ದದ್ದು ಅವನಿಗೆ ಗೊತ್ತಿರಲ್ಲ ಅನ್ನೋ ಧೈರ್ಯ. ಅವನು ನಕ್ಕು ಲೋಟ ಕೆಳಗಿಟ್ಟು, "ಟ್ರಾನ್ಸ್‌ಫಾರ್ಮರ್ ಕಂಬದ ಪಕ್ಕ ನಿಂತಿದ್ರಿ ನೀವು, ನೀಲಿ ಶರ್ಟು, ಅಲ್ವಾ ಅಣ್ಣ?" ಅಂದ.

ಇತಿ ನಿಮ್ಮ ಓದುಗ,
ಬೆಂಗಳೂರು