ವೈನಿಯನ್ನು ಗ್ರೂಪಿಗೆ ಸೇರಿಸುವ ಮೊದಲು: ಗೆಳೆಯನಿಗೊಂದು ಪತ್ರ

ದೋಸ್ತಾ,

ನೀನು ಕಲಬುರಗಿ ಬಿಟ್ಟು ಪುಣೆ ಸೇರಿದ ಮೇಲೆ ಫೋನಿನಲ್ಲಿ ಕೇಳುವುದು ಎರಡೇ: ಬಿಸಿಲು ಹೆಂಗದ, ತೊಗರಿ ರೇಟು ಎಷ್ಟದ. ಇವತ್ತು ಅವೆರಡನ್ನೂ ಬಿಟ್ಟು ಬರೆಯುತ್ತೇನೆ. ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಉಂಟು. ನಮ್ಮ ಗ್ರೂಪಿನ ಮಂದಿಯೂ ಇದನ್ನು ಓದುತ್ತಾರೆ. ಅವರ ಎದುರು ಬಾಯಿಗೆ ಬಾರದ ಮಾತು ನಿನ್ನ ನೆವದಲ್ಲಿ ಬಂದೀತು. ಆಳಂದ ನಾಕಾದ ಇಸ್ತ್ರಿ ಕೋಟಿನ ಕತೆ ಹೇಳುವುದಿಲ್ಲ, ಹೆದರಬೇಡ.

ಡೈರೆಕ್ಟ್ ಸೆಲ್ಲಿಂಗ್, ಅಂದರೆ ಕಂಪನಿಯ ಸಾಮಾನನ್ನು ನೇರವಾಗಿ ಮಂದಿಗೆ ಮಾರುತ್ತ, ಹೊಸಬರನ್ನೂ ಸೇರಿಸುತ್ತ ಹೋಗುವ ದಂಧೆ ಬಿಟ್ಟುಬಂದವರ ಈ ವಾಟ್ಸಾಪ್ ಗ್ರೂಪಿಗೆ ನನ್ನನ್ನು ಅಡ್ಮಿನ್ ಮಾಡಿದ್ದು ಯಾಕೆ ಅಂತ ನಿನಗೆ ಗೊತ್ತು. ನನ್ನ ಕೆಳಗೆ ಯಾರೂ ಇರಲಿಲ್ಲ. ಉಳಿದ ಒಬ್ಬೊಬ್ಬರಿಗೂ ಮೇಲೆ ತಮ್ಮನ್ನು ಸೇರಿಸಿದ ಒಬ್ಬ ಅಪ್‌ಲೈನ್, ಕೆಳಗೆ ತಾವು ಸೇರಿಸಿದ ಒಂದಿಷ್ಟು ಡೌನ್‌ಲೈನ್. ಮೇಲಿನವನ ಸುದ್ದಿ ಬಂದರೆ "ಅವ ನನಗ ಮುಳುಗಿಸ್ದ" ಅನ್ನುವ ಮನುಷ್ಯನೇ, ತಾನು ಸೇರಿಸಿದ ಸೋದರತ್ತೆಯ ಮಗನ ಮಾತು ಬಂದಾಗ "ನನಗರೆ ಏನ್ ಗೊತ್ತಿತ್ತು" ಅನ್ನುತ್ತಾನೆ. ಎರಡೂ ಖರೆ. ಮಂದಿ ಸೇರಿಸಿದರೆ ದುಡ್ಡು ಅನ್ನುವಂಥ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸಿದ 1978ರ ಕೇಂದ್ರ ಕಾಯ್ದೆಯ 3ನೇ ಕಲಮನ್ನು ಯಾರೋ ಒಮ್ಮೆ ಗ್ರೂಪಿಗೆ ಹಾಕಿದರು. ಅಂಥ ಯೋಜನೆ ನಡೆಸುವುದಷ್ಟೇ ಅಲ್ಲ, ಅದಕ್ಕೆ ಸದಸ್ಯನಾಗುವುದೂ ತಪ್ಪು ಅನ್ನುತ್ತದೆ ಅದು. ಆ ರಾತ್ರಿ ಗ್ರೂಪಿನಲ್ಲಿ ಒಬ್ಬರೂ ಒಂದು ಅಕ್ಷರ ಬರೆಯಲಿಲ್ಲ. ಬರೀ ಮೋಸಹೋದವರು ಅಂತ ನಮ್ಮಲ್ಲಿ ಬಹಳ ಮಂದಿಯಿಲ್ಲ ದೋಸ್ತ್. ಅದಕ್ಕೇ ದನಿ ಇಷ್ಟು ಏರಿರುತ್ತದೆ ಅಂತ ನನಗನಿಸುತ್ತದೆ.

ಇಂಥಲ್ಲಿ ತಟಸ್ಥನಾಗಿರು ಅಂದರು. ಇರಲಿಕ್ಕೆ ನೋಡಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ, ನಮ್ಮಂಥದೇ ನೇರ ಮಾರಾಟದ ಕಂಪನಿಯಾದ ಆಮ್‌ವೇ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತ್ತು. ಆ ಕಂಪನಿ ಪಿರಮಿಡ್ ಅಲ್ಲ, ಅಂದರೆ ಮಂದಿ ಸೇರಿಸಿದ್ದಕ್ಕೇ ದುಡ್ಡು ಕೊಡುವ ಯೋಜನೆ ಅಲ್ಲ ಅಂದಿತು. ಅದೇ ತೀರ್ಪಿನಲ್ಲಿ, ಗಳಿಕೆಯನ್ನು ಹಿಗ್ಗಿಸಿ ಹೇಳುವುದನ್ನೂ ಮಾರುವವರಿಗೆಲ್ಲ ಒಂದೇ ಬೆಲೆ ಕಟ್ಟುವುದನ್ನೂ ನಿಲ್ಲಿಸಿ ಅಂತ ಆದೇಶಿಸಿತು. ನಮ್ಮ ಕಂಪನಿ ಬೇರೆ. ಆದರೂ ನಮ್ಮ ಸಭೆಗಳಲ್ಲಿ ಅದರ ಮೊದಲರ್ಧ ಓದುತ್ತಿದ್ದರು. ಗ್ರೂಪಿನಲ್ಲಿ ಎರಡನೆಯ ಅರ್ಧ ಮಾತ್ರ ಓಡಾಡುತ್ತದೆ. ನಾನು ಇಡೀ ತೀರ್ಪಿನ ಸಾರ ಹಾಕಿದ ದಿನ "ಅಡ್ಮಿನ್‌ಗ ಎಷ್ಟ್ ಕೊಟ್ಟಾರ" ಅಂತ ಒಬ್ಬರು ಕೇಳಿದರು. ದಿನಾ ಜಗತ್ ಸರ್ಕಲ್‌ನಲ್ಲಿ ನನ್ನ ಜೊತೆ ಚಹಾ ಕುಡಿಯುವವರು.

ಲೆಕ್ಕದ ವಿಷಯದಲ್ಲಿ ಮಾತ್ರ ನಾನು ನಡುವೆ ನಿಲ್ಲಲಾರೆ. ದಾಲ್ ಮಿಲ್ಲಿನಲ್ಲಿ ಖಾತೆ ಬರೆಯುವವನು ನಾನು. ಒಬ್ಬ 6 ಮಂದಿಯನ್ನು ಸೇರಿಸಬೇಕು, ಆ ಆರೂ ಮಂದಿ ತಲಾ 6. ಏಳನೆಯ ಮೆಟ್ಟಿಲಿಗೆ 2,79,936 ಮಂದಿ, ಎಂಟಕ್ಕೆ 16,79,616. 2011ರ ಜನಗಣತಿಯಲ್ಲಿ ಕಲಬುರಗಿ ಶಹರದ ಮಂದಿ ಐದೂವರೆ ಲಕ್ಷವೂ ಇರಲಿಲ್ಲ. ಹತ್ತನೆಯ ಮೆಟ್ಟಿಲಿಗೆ 6,04,66,176 ಆಗುತ್ತದೆ. ಅದೇ ಜನಗಣತಿಯಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಸುಮಾರು 6.11 ಕೋಟಿ. ತೊಟ್ಟಿಲ ಕೂಸನ್ನು ಹಿಡಿದರೂ ಹನ್ನೊಂದನೆಯ ಮೆಟ್ಟಿಲಿಗೆ ಮಂದಿಯಿಲ್ಲ. ಸಾಮಾನು ಮಾರಿ ಬಂದ ಲಾಭದ ಮಾತು ಬೇರೆ, ಅದು ವ್ಯಾಪಾರ. ಮಂದಿ ಸೇರಿಸಿದ್ದಕ್ಕೇ ದುಡ್ಡು ಅಂದಾಗ ಈ ಗುಣಾಕಾರ ಎದುರು ಬಂದು ನಿಲ್ಲುತ್ತದೆ. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳೂ ಇದೇ ಗೆರೆ ಎಳೆದಿವೆ: ಮಾರಾಟಕ್ಕೆ ಅಡ್ಡಿಯಿಲ್ಲ, ಪಿರಮಿಡ್ ಕೂಡದು, ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳಿಕೊಳ್ಳದೆ ಯಾರ ಮನೆ ಬಾಗಿಲಿಗೂ ಹೋಗಕೂಡದು.

ಈಗ ನಿನಗೆ ಹೇಳಬೇಕಾದ ಮಾತು. ಹೋದ ವಾರ ವೈನಿ, ಅಣ್ಣನ ಹೆಂಡತಿ, ಕೇಳಿದರು, "ತಮ್ಮಾ, ನಿಮ್ಮ ಗ್ರೂಪಿನ್ಯಾಗ ನನಗೂ ಸೇರಿಸ್ತಿ ಏನು?"

ವೈನಿ ಇನ್ನೂ ಒಳಗಿದ್ದಾರೆ. ಬಿಟ್ಟಿಲ್ಲ, ಬಿಡುತ್ತೇನೆ ಅಂತಲೂ ಹೇಳಿಲ್ಲ. ಗ್ರೂಪಿನಲ್ಲಿ ಹೆಸರು ಹೇಳದೆ ಕೇಳಿ ನೋಡಿದೆ, ಒಳಗಿರುವವರೊಬ್ಬರು ಬರಬಹುದೇ ಅಂತ. ಬೆಂಕಿ ಬಿತ್ತು. ಗೂಢಚಾರರು, ಸ್ಕ್ರೀನ್‌ಶಾಟ್ ಹೊಡೆದು ಮೇಲಕ್ಕೆ ಕಳಿಸುತ್ತಾರೆ, ಮೊದಲು ರಾಜೀನಾಮೆ ತೋರಿಸಲಿ. ಆ ಭಯ ಸುಳ್ಳಲ್ಲ. ಆದರೆ ಅವರು ಬೈಯುತ್ತಿದ್ದ ಆ ಹೆಂಗಸಿಗೆ ನನ್ನ ಮನಸ್ಸಿನಲ್ಲಿ ಮುಖವಿತ್ತು. ಜೇವರ್ಗಿ ಕಡೆಯ ಹಳ್ಳಿಯಿಂದ ಬಂದವರು, ಅಣ್ಣನಿಲ್ಲದೆ ಸೂಪರ್ ಮಾರ್ಕೆಟ್‌ವರೆಗೂ ಹೋಗಿರದವರು, ಈ ಕಂಪನಿಗೆ ಸೇರಿದ ಮೇಲೆ ಒಬ್ಬರೇ ವಾಡಿಗೆ, ಯಾದಗಿರಿಗೆ ರೈಲು ಹತ್ತಿದರು. ಹೈದರಾಬಾದಿನ ಸ್ಟೇಜಿನ ಮೇಲೆ ಮೈಕ್ ಹಿಡಿದು ನಮ್ಮ ಕಲಬುರಗಿ ಕನ್ನಡದಲ್ಲೇ ಮಾತಾಡಿದರು. ಆ ದಿನದ ಫೋಟೋ ದೇವರ ಗೂಡಿನ ಪಕ್ಕದಲ್ಲಿದೆ. ಅದರ ಕೆಳಗೆ ಗೋಡೆಗುಂಟ ಮಾರಾಟವಾಗದ ಡಬ್ಬಿಗಳು, ಎದೆಮಟ್ಟ. ನಾನು ಹತ್ತನೆಯ ಮೆಟ್ಟಿಲಿನ ಲೆಕ್ಕ ಹೇಳಿದರೆ ಆ ಡಬ್ಬಿಗಳು ಅವರಿಗೆ ಅರ್ಥವಾಗುತ್ತವೆ. ಆ ಫೋಟೋವನ್ನು ಏನು ಮಾಡಲಿ ಹೇಳು? ಅದು ಮೋಸ ಅಂತ ಯಾವ ಬಾಯಿಂದ ಅನ್ನಲಿ?

ಇನ್ನೊಂದು ಮಾತು ಬರೆಯಬೇಕು ಅಂತ ಕೂತಿರಲಿಲ್ಲ. ಆ ಸಭೆಗಳು ನನಗೆ ಈಗಲೂ ಬೇಕನಿಸುತ್ತವೆ. ಭಾನುವಾರ ಹತ್ತು ಗಂಟೆಯಾದರೆ ಮನೆಯಲ್ಲಿ ಕೂರಲಾಗುವುದಿಲ್ಲ, ಸುಮ್ಮನೆ ಚಪ್ಪಲಿ ಹಾಕಿಕೊಂಡು ಶರಣಬಸವೇಶ್ವರ ಗುಡಿಯ ತನಕ ನಡೆದು ಬರುತ್ತೇನೆ. ಅಪ್ಪ ತೀರಿಕೊಂಡಾಗ ದಿನಾ ಸಂಜೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು "ಉಂಡಿ ಏನು" ಅಂತ ಕೇಳಿದವರು ಬಂಧುಗಳಲ್ಲ, ಆ ಸಭೆಯವರು. ಅದು ಲೆಕ್ಕದ ಪ್ರೀತಿ ಅಂತ ಗ್ರೂಪಿನವರು ಹೇಳುತ್ತಾರೆ. ಇರಬಹುದು. ಆದರೆ ಆ ರೊಟ್ಟಿ ಉಂಡವನು ನಾನು. ಅವರನ್ನು ಕಳ್ಳರು ಅಂತ ಗ್ರೂಪಿನಲ್ಲಿ ಬರೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ, ಸುಮ್ಮನಿರುತ್ತೇನೆ. ಆ ಮೌನವನ್ನೇ ಮಂದಿ ತಟಸ್ಥ ಅಂತ ಹೊಗಳುತ್ತಾರೆ. ಅಲ್ಲ ದೋಸ್ತ್. ಅದು ಋಣ.

ಸಾಕು. ಇದನ್ನು ನಮ್ಮವ್ವ ಓದಿದರೆ ಈಗಲೇ ಫೋನ್ ಹಚ್ಚಿ "ಊಟ ಮಾಡಿದಿ ಇಲ್ಲೋ" ಅಂತಾಳೆ.

ಈ ಭಾನುವಾರ ವೈನಿಯನ್ನು ಸೇರಿಸುತ್ತಿದ್ದೇನೆ, ಅವರ ಹೆಸರು ಹಾಕಿಯೇ. ಲೆಕ್ಕವನ್ನೂ ನಿಯಮಗಳನ್ನೂ ಗ್ರಾಹಕ ಸಹಾಯವಾಣಿ 1915 ನಂಬರನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಮೇಲೆ ಪಿನ್ ಮಾಡುತ್ತೇನೆ. ಅದರಲ್ಲಿ ಒಂದು ಅಂಕಿಯನ್ನೂ ಯಾರ ಮುಲಾಜಿಗೂ ತೆಗೆಯುವುದಿಲ್ಲ. ಒಳಗಿದ್ದೀರೋ ಹೊರಗಿದ್ದೀರೋ ಅಂತ ಮಾತ್ರ ಯಾರೂ ಯಾರನ್ನೂ ಕೇಳಕೂಡದು. ಅರ್ಧ ಮಂದಿ ಎದ್ದು ಹೋಗಬಹುದು. ನೀನು ಆ ಹೊತ್ತು ಆನ್‌ಲೈನ್ ಇರು, ಮೊದಲು ನೀನೇ ವೈನಿಗೆ ನಮಸ್ಕಾರ ಹೇಳು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಚಿತ್ರ ಬೇಡ, ಕೈಮುಗಿದು ಕೇಳುತ್ತೇನೆ.

ದೀಪಾವಳಿಗೆ ಬರುವಾಗ ಬಾಕರವಡಿ ತಾ. ವೈನಿಗೆ ಬೇರೆ ಒಂದು ಪೊಟ್ಟಣ.

ನಿನ್ನ,
ಗಂಜಿನ ಗೆಳೆಯ