ಆ ಭೂತಕ್ಕೊಂದು ಕನ್ನಡ ಸಾಲು ಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಮಂಡಕ್ಕಿ, ಮೆಣಸಿನಕಾಯಿ ಇಟ್ಟುಕೊಂಡು ಮೊಮ್ಮಗಳ ಜೊತೆ 1967ರ ತಮಿಳು ಚಿತ್ರ ‘ಪಟ್ಟಣತ್ತಿಲ್ ಭೂತಂ’ ನೋಡಿದೆ. ಎಂ.ವಿ. ರಾಮನ್ ನಿರ್ದೇಶನ. ನಾಯಕ ಜೈಶಂಕರ್, ಹಾಸ್ಯನಟ ನಾಗೇಶ್ ಕೈಗೆ ಒಂದು ಹಳೇ ಜಾಡಿ ಸಿಗುತ್ತದೆ. ಅದರೊಳಗಿಂದ ಭೂತ ಬರುತ್ತದೆ. ಆ ಭೂತದ ಪಾತ್ರ ನಟ ಜಾವರ್ ಸೀತಾರಾಮನ್ ಅವರದು. ಎಷ್ಟು ಪ್ರೀತಿಯ ಭೂತ ಅಂತೀರಿ! ಹೆದರಿಸುವುದಿಲ್ಲ, ಸಹಾಯ ಮಾಡಲು ಹೋಗಿ ಪೇಚು ತರುತ್ತದೆ.

‘ಅಜ್ಜಿ, ಆಗ ಕಂಪ್ಯೂಟರ್ ಇರಲಿಲ್ಲ ಅಲ್ವಾ? ಹೇಗೆ ಮಾಡಿದ್ರು?’ ಅಂದಳು ಮೊಮ್ಮಗಳು. ಆ ಕಾಲದಲ್ಲಿ ಲೆನ್ಸಿನ ಅರ್ಧ ಭಾಗ ಮುಚ್ಚಿ ಒಮ್ಮೆ, ಫಿಲ್ಮ್ ಹಿಂದಕ್ಕೆ ಸುತ್ತಿ ಇನ್ನರ್ಧ ಮುಚ್ಚಿ ಇನ್ನೊಮ್ಮೆ ಶೂಟ್ ಮಾಡುತ್ತಿದ್ದರು. ಎರಡೂ ಸೇರಿ ಒಂದೇ ದೃಶ್ಯವಾಗುತ್ತಿತ್ತು. ಒಂದು ಕೂದಲೆಳೆ ತಪ್ಪಿದರೂ ಇಡೀ ದೃಶ್ಯ ಹಾಳು. ಇದನ್ನು ಎರಡು ಕಾಗದ ಕತ್ತರಿಸಿ ತೋರಿಸಿದೆ. ಅವಳ ಕಣ್ಣು ಅರಳಿತು.

ನನಗೆ ತಮಿಳು ಅಷ್ಟಿಷ್ಟು ಬರುತ್ತದೆ. ಅವಳಿಗೆ ಬರುವುದಿಲ್ಲ. ನಾಗೇಶ್ ಮಾತನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ನಗುವ ಹೊತ್ತೇ ಕಳೆದಿರುತ್ತಿತ್ತು. ಇಂಥ ಹಳೇ ಚಿತ್ರ ಹಾಕುವಾಗ ಚಾನೆಲ್‌ಗಳು ಪರದೆಯ ಕೆಳಗೆ ಮಾತಿನ ಅರ್ಥವನ್ನು ಕನ್ನಡ ಸಾಲುಗಳಲ್ಲಿ (ಸಬ್‌ಟೈಟಲ್) ಹಾಕಲಿ. ನಿಮ್ಮ ಸಿನಿಮಾ ಪುಟದಲ್ಲೂ ಆ ಕಾಲದ ಕ್ಯಾಮೆರಾ ಕೈಚಳಕದ ಬಗ್ಗೆ ಚಿತ್ರ ಸಹಿತ ಬರೆಸಿ. ಮೊಮ್ಮಗಳು ಕತ್ತರಿಸಿ ಇಟ್ಟುಕೊಳ್ಳುತ್ತಾಳೆ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ